ಹದಿಹರೆಯದ ಮಕ್ಕಳ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ಅಪ್ಪ ಅಮ್ಮಂದಿರೂ ಅವರಿಗೆ ಪಾಠ ಮಾಡುವವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳನ್ನು ಆದಷ್ಟೂ ಸಂಶೋಧನೆಗಳ ಆಧಾರದಲ್ಲಿ ಬರೆದಿದ್ದೇನೆ. ಬೆಂಗಳೂರು, ಮೈಸೂರು, ವಿಜಯಪುರ, ಬಿಹಾರ, ದೆಹಲಿಗಳಲ್ಲಿ ನಡೆದ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅಮೆರಿಕದ ಹುಡುಗನ ಬಗ್ಗೆ ಬರೆದದ್ದೆಲ್ಲ ಸಿಂದಗಿಯ ಹುಡುಗಿಗೆ ಹಾಗೇ ಹೊಂದುವುದಿಲ್ಲ, ಅಲ್ವಾ?

ನಿಮ್ಮ ಮಗು ಈಗ ಸಾಯುವ ಮಾತು ಆಡುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಮಗುವಿನ ಪಕ್ಕ ಹೋಗಿ ಕೂತುಕೊಂಡು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಹದಿಹರೆಯ ಅಂತ ಯಾವ ವಯಸ್ಸಿಗೆ ಹೇಳುತ್ತಾರೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷ. ನಮ್ಮ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ ಇದೇ ಲೆಕ್ಕ ಹಿಡಿದಿದೆ. ಕೆಲವು ಸಂಶೋಧಕರು 24ರವರೆಗೂ ಸೇರಿಸಿಕೊಳ್ಳುತ್ತಾರೆ. ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದಕ್ಕೆ ಅಷ್ಟು ಕಾಲ ಬೇಕು. ಡಿಗ್ರಿ ಓದುವ ಮಗ ಇದ್ದರೆ ಅವನಿಗೂ ಇಲ್ಲಿರುವ ಮಾತು ಅನ್ವಯಿಸುತ್ತದೆ.

ನಿಜವಾಗಿ ಎಷ್ಟು ಮಕ್ಕಳಿಗೆ ತೊಂದರೆ ಇದೆ? ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ.

ನಮ್ಮ ದೇಶದ ದೊಡ್ಡ ಲೆಕ್ಕ ಸಿಕ್ಕಿದ್ದು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ. ಅದನ್ನು ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್. ಮೊದಲು ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಮಾಡಿ ನೋಡಿದರು, ಆಮೇಲೆ 12 ರಾಜ್ಯಗಳಿಗೆ ಹೋದರು. 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂತು. ಹಳ್ಳಿಗಳಲ್ಲಿ ಇದು ಶೇ 6.9, ಮಹಾನಗರಗಳಲ್ಲಿ ಶೇ 13.5. ಇಡೀ ದೇಶಕ್ಕೆ ಲೆಕ್ಕ ಹಾಕಿದರೆ ಸುಮಾರು 98 ಲಕ್ಷ ಮಕ್ಕಳಿಗೆ ನೆರವು ಬೇಕು ಎಂದಿತು ವರದಿ.

ವಿಶ್ವ ಆರೋಗ್ಯ ಸಂಸ್ಥೆ ಏಳು ಮಕ್ಕಳಲ್ಲಿ ಒಬ್ಬರಿಗೆ ಎನ್ನುತ್ತದೆ. 2005ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನದಲ್ಲಿ 4ರಿಂದ 16 ವರ್ಷದ ಮಕ್ಕಳಲ್ಲಿ ಶೇ 12 ಎಂದು ಬಂದಿತ್ತು. ಸಂಖ್ಯೆ ಬೇರೆಬೇರೆ ಬರುವುದಕ್ಕೆ ಕಾರಣ ಇದೆ. ಯಾವ ವಯಸ್ಸು ನೋಡಿದರು, ಯಾವ ಪ್ರಶ್ನಾವಳಿ ಬಳಸಿದರು, ಮಗುವನ್ನು ಕೇಳಿದರೋ ತಾಯಿಯನ್ನು ಕೇಳಿದರೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅತಿ ಕಡಿಮೆ ಸಂಖ್ಯೆಯನ್ನೇ ಹಿಡಿದರೂ 45 ಮಕ್ಕಳ ತರಗತಿಯಲ್ಲಿ ಮೂವರಿಗೆ ನೆರವು ಬೇಕು. ಶಿಕ್ಷಕರು ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಸಾಕು ಅಂತ ನನಗನ್ನಿಸುತ್ತದೆ.

ಅಷ್ಟು ತೊಂದರೆ ಇದ್ದರೆ ಮನೆಯವರಿಗೆ ಗೊತ್ತಾಗುವುದಿಲ್ಲವೇ?

ಬಹಳ ಸಲ ಗೊತ್ತಾಗುವುದಿಲ್ಲ. ಮೇಲೆ ಹೇಳಿದ ಬೆಂಗಳೂರಿನ ಅಧ್ಯಯನದಲ್ಲೇ ಇದಕ್ಕೆ ಉತ್ತರ ಇದೆ. ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಮೂರೂ ಕಡೆಯ 2,064 ಮಕ್ಕಳನ್ನು ನೋಡಿದ ಅಧ್ಯಯನ ಅದು. ತೊಂದರೆ ಇದ್ದ ಮಕ್ಕಳ ಕುಟುಂಬಗಳಲ್ಲಿ ಶೇ 37.5ರಷ್ಟು ಮಾತ್ರ ತಮ್ಮ ಮಗುವಿಗೆ ಏನೋ ಸಮಸ್ಯೆ ಇದೆ ಎಂದು ಗುರುತಿಸಿದ್ದರು. ಉಳಿದ ಮನೆಗಳಲ್ಲಿ ಅದು ಸಮಸ್ಯೆ ಎಂದೇ ಅನ್ನಿಸಿರಲಿಲ್ಲ.

ಆ ಅಪ್ಪ ಅಮ್ಮಂದಿರು ಕೆಟ್ಟವರಲ್ಲ. ‘ಸೋಮಾರಿ’, ‘ಹಟಮಾರಿ’, ‘ನಾಚಿಕೆ ಜಾಸ್ತಿ’, ‘ವಯಸ್ಸೇ ಹಾಗೆ’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಮಗುವಿನ ಸಂಕಟ ಆ ಮಾತುಗಳ ಕೆಳಗೆ ಮುಚ್ಚಿಹೋಗುತ್ತದೆ. ಮಕ್ಕಳೂ ಬಾಯಿ ಬಿಡುವುದಿಲ್ಲ. ಯುನಿಸೆಫ್ 2021ರಲ್ಲಿ ಹೊರತಂದ ವರದಿಯ ಪ್ರಕಾರ, ಮನಸ್ಸಿನ ತೊಂದರೆಗೆ ಬೇರೆಯವರ ನೆರವು ಕೇಳುವುದು ಒಳ್ಳೆಯದು ಎಂದ ಭಾರತದ ಯುವಜನ ಶೇ 41 ಮಾತ್ರ. ಸಮೀಕ್ಷೆ ನಡೆದ 21 ದೇಶಗಳ ಸರಾಸರಿ ಶೇ 83.

ಇದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ನಮ್ಮ ಮಕ್ಕಳು ಹೇಳುವುದಿಲ್ಲ, ನಾವು ಗುರುತಿಸುವುದಿಲ್ಲ. ನಡುವೆ ವರ್ಷಗಳು ಹೋಗಿಬಿಡುತ್ತವೆ. ಈ ಅಂತರ ಕಡಿಮೆ ಮಾಡುವುದು ಹೇಗೆ ಎನ್ನುವುದೇ ಇವತ್ತಿನ ಸಂಶೋಧನೆಯ ಮುಖ್ಯ ಪ್ರಶ್ನೆ ಎಂದು ನಾನು ನಂಬಿದ್ದೇನೆ.

ಇಷ್ಟು ಚಿಕ್ಕ ವಯಸ್ಸಿಗೆ ಮಾನಸಿಕ ಕಾಯಿಲೆ ಬರುತ್ತದೆಯೇ? ಅದು ದೊಡ್ಡವರಿಗೆ ಬರುವುದಲ್ಲವೇ?

ದೊಡ್ಡವರಲ್ಲಿ ಕಾಣುವ ಬಹುಪಾಲು ಕಾಯಿಲೆಗಳ ಬೇರು ಈ ವಯಸ್ಸಿನಲ್ಲೇ ಇದೆ. ಜಗತ್ತಿನ 192 ಅಧ್ಯಯನಗಳನ್ನು, ಅಂದರೆ ಸುಮಾರು 7 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ಸೇರಿಸಿ ನೋಡಿದ ಒಂದು ದೊಡ್ಡ ವಿಶ್ಲೇಷಣೆ ಇದೆ. ಮಾನಸಿಕ ಕಾಯಿಲೆ ಅತಿ ಹೆಚ್ಚಾಗಿ ಶುರುವಾಗುವ ವಯಸ್ಸು 14.5 ಎಂದು ಅದರಲ್ಲಿ ಬಂತು. ಮೂರನೇ ಒಂದು ಭಾಗದಷ್ಟು 14 ತುಂಬುವುದರೊಳಗೆ, ಅರ್ಧದ ಹತ್ತಿರ 18ರೊಳಗೆ ಶುರುವಾಗಿರುತ್ತವೆ.

ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇವತ್ತಿಗೂ ಬಿಡದೆ ಗಮನಿಸುತ್ತಿದ್ದಾರೆ. ಅವರಿಗೆ 45 ಆಗುವಷ್ಟರಲ್ಲಿ ಶೇ 86 ಮಂದಿ ಒಂದಲ್ಲ ಒಂದು ಕಾಲದಲ್ಲಿ ಯಾವುದೋ ಮಾನಸಿಕ ತೊಂದರೆ ಅನುಭವಿಸಿದ್ದರು. ಇದನ್ನು ಕೇಳಿ ಹೆದರಬೇಡಿ. ಮೈಗೆ ಜ್ವರ ಬರುವಷ್ಟೇ ಸಾಮಾನ್ಯ ಸಂಗತಿ ಇದು. ‘ನಮ್ಮ ವಂಶದಲ್ಲೇ ಯಾರಿಗೂ ಇಲ್ಲ’ ಎನ್ನುವ ಮಾತು ಮಾತ್ರ ಇನ್ನು ಸಾಕು.

ಮನೆಯಲ್ಲಿ ಸರಿಯಾಗಿಯೇ ಇರುತ್ತಾನೆ. ಗೆಳೆಯರ ಜೊತೆ ಸೇರಿದರೆ ಬುದ್ಧಿಯೇ ಇಲ್ಲದವನಂತೆ ಆಡುತ್ತಾನೆ. ಏಕೆ?

ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿತ್ತು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಸಿಗ್ನಲ್ ಹಳದಿಯಾದ ಮೇಲೂ ಓಡಿಸಿದರೆ ಅಂಕ ಜಾಸ್ತಿ, ಆದರೆ ಡಿಕ್ಕಿಯಾದರೆ ಗಳಿಸಿದ್ದೂ ಹೋಯಿತು. ಒಬ್ಬರೇ ಆಡಿದಾಗ 14ರ ಹುಡುಗನಿಗೂ 30ರ ಗಂಡಸಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಪಕ್ಕದಲ್ಲಿ ಗೆಳೆಯರು ಕೂತಾಗ ಹದಿಹರೆಯದವರು ಸುಮಾರು ದುಪ್ಪಟ್ಟು ಅಪಾಯಕ್ಕೆ ಕೈಹಾಕಿದರು. ದೊಡ್ಡವರ ಆಟ ಬದಲಾಗಲೇ ಇಲ್ಲ.

ಈ ವಯಸ್ಸಿನಲ್ಲಿ ಖುಷಿ, ಮೆಚ್ಚುಗೆಗಳಿಗೆ ಮಿಡಿಯುವ ಮಿದುಳಿನ ಭಾಗ ಬೇಗ ಚುರುಕಾಗುತ್ತದೆ. ತಡೆದು ಯೋಚಿಸುವ ಭಾಗ ನಿಧಾನವಾಗಿ ಬಲಿಯುತ್ತದೆ. ಅಂದರೆ ಅಪಾಯ ಯಾವುದು ಎನ್ನುವುದು ನಿಮ್ಮ ಮಗನಿಗೆ ಗೊತ್ತಿದೆ. ಗೆಳೆಯರ ಎದುರು ಆ ತಿಳಿವಳಿಕೆ ಹಿಂದೆ ಸರಿಯುತ್ತದೆ. ಆದ್ದರಿಂದ ಉಪದೇಶಕ್ಕಿಂತ ವ್ಯವಸ್ಥೆ ಜಾಸ್ತಿ ಕೆಲಸ ಮಾಡುತ್ತದೆ. ಮೂವರು ಹುಡುಗರ ಕೈಗೆ ಬೈಕಿನ ಕೀಲಿ ಸಿಗದಂತೆ ನೋಡಿಕೊಳ್ಳುವುದು ಅಂಥ ಒಂದು ವ್ಯವಸ್ಥೆ.

ಗೆಳೆತನವನ್ನೇ ಬಿಡಿಸಲು ಹೋಗಬೇಡಿ. ಇದೇ ವಯಸ್ಸಿನಲ್ಲಿ ಒಳ್ಳೆಯ ಗೆಳೆಯನೊಬ್ಬ ಇರುವುದು ಮನಸ್ಸಿಗೆ ದೊಡ್ಡ ಆಸರೆ.

ಮಾಮೂಲಿ ಮುನಿಸು ಯಾವುದು, ಖಿನ್ನತೆ ಯಾವುದು? ಹೇಗೆ ತಿಳಿಯುವುದು?

ಮುನಿಸು ಬರುತ್ತದೆ, ಹೋಗುತ್ತದೆ. ಬೆಳಿಗ್ಗೆ ಬಾಗಿಲು ಬಡಿದು ಹೋದವಳು ಸಂಜೆ ಗೆಳತಿಯ ವಿಷಯ ಹೇಳಿ ನಗುತ್ತಾಳೆ. ಖಿನ್ನತೆ ಇದ್ದರೆ ಆ ಸಂಜೆಯ ನಗು ಬರುವುದಿಲ್ಲ.

ವೈದ್ಯರು ಮುಖ್ಯವಾಗಿ ಮೂರು ವಿಷಯ ನೋಡುತ್ತಾರೆ. ಎಷ್ಟು ದಿನದಿಂದ ಇದೆ? ಎರಡು ವಾರ ಬಿಡದೆ ಇದ್ದರೆ ಗಮನ ಕೊಡಲೇಬೇಕು. ಎಲ್ಲ ಕಡೆಯೂ ಇದೆಯೇ? ಮನೆಯಲ್ಲಿ ಮಾತ್ರ ಮುಖ ಊದಿಸಿಕೊಂಡು ಮೈದಾನದಲ್ಲಿ ಕುಣಿಯುವ ಹುಡುಗನ ಕತೆ ಬೇರೆ. ದಿನದ ಬದುಕು ಕೆಟ್ಟಿದೆಯೇ? ನಿದ್ದೆ, ಊಟ, ಓದು, ಸ್ನಾನ, ಗೆಳೆಯರ ಜೊತೆ ಓಡಾಟ ಇವುಗಳಲ್ಲಿ ಏನು ಬದಲಾಯಿತು ನೋಡಿ.

ಈ ವಯಸ್ಸಿನ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಅದರಲ್ಲೂ ಹುಡುಗರಲ್ಲಿ ಸಿಡುಕು, ಜಗಳ, ಶಾಲೆಗೆ ಚಕ್ಕರ್ ಹೊಡೆಯುವುದಾಗಿ ಕಾಣಬಹುದು. ಹುಡುಗಿಯರಲ್ಲಿ ಎಷ್ಟೋ ಸಲ ತಲೆನೋವು, ಹೊಟ್ಟೆನೋವು, ಸುಸ್ತು ಎಂದು ಮೈಯ ಮೇಲೆ ಬರುತ್ತದೆ. ತಾಯಿ ರಕ್ತ ಪರೀಕ್ಷೆ ಮಾಡಿಸುತ್ತಾಳೆ, ಎಲ್ಲ ಸರಿ ಇದೆ ಎಂದು ಬರುತ್ತದೆ, ‘ನಾಟಕ’ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ದಯವಿಟ್ಟು ಆ ಪದ ಬಳಸಬೇಡಿ. ನೋವು ನಿಜವಾದ ನೋವೇ. ಮುಂಚೆ ಇಷ್ಟಪಡುತ್ತಿದ್ದ ಕೆಲಸದ ಮೇಲೆ ಆಸೆಯೇ ಹೋಗಿದೆಯಾ ಅಂತ ಕೇಳಿ ನೋಡಿ. ವಾಲಿಬಾಲ್, ರಂಗೋಲಿ, ಹಾಡು ಯಾವುದಾದರೂ ಸರಿ. ಈ ಒಂದು ಪ್ರಶ್ನೆಗೆ ಬರುವ ಉತ್ತರ ಬಹಳಷ್ಟು ಹೇಳುತ್ತದೆ.

ಮಗಳು ಈಗೀಗ ಎಲ್ಲವನ್ನೂ ಪ್ರಶ್ನಿಸುತ್ತಾಳೆ. ದೇವರು, ಜಾತಿ, ಮದುವೆ, ಎಂಜಿನಿಯರಿಂಗ್, ಎಲ್ಲ. ಇದು ತೊಂದರೆಯ ಲಕ್ಷಣವೇ?

ಇಲ್ಲ. ಬೆಳೆಯುತ್ತಿರುವುದರ ಲಕ್ಷಣ. ‘ನಾನು ಯಾರು, ಎಲ್ಲಿ ಸೇರಿದವಳು’ ಎಂದು ಹುಡುಕುವುದೇ ಹದಿಹರೆಯದ ಮುಖ್ಯ ಕೆಲಸ ಎಂದು ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ ಹೇಳಿದ್ದರು. 1966ರಲ್ಲಿ ಜೇಮ್ಸ್ ಮಾರ್ಸಿಯ ಇದನ್ನು ನಾಲ್ಕು ಸ್ಥಿತಿಗಳಾಗಿ ಬಿಡಿಸಿದರು. ಕೆಲವರು ಹುಡುಕಿ ತೀರ್ಮಾನಕ್ಕೆ ಬಂದಿರುತ್ತಾರೆ. ಕೆಲವರು ಇನ್ನೂ ಹುಡುಕುತ್ತಿರುತ್ತಾರೆ. ಕೆಲವರು ಹುಡುಕುವುದನ್ನೇ ಶುರು ಮಾಡಿರುವುದಿಲ್ಲ. ಇನ್ನು ಕೆಲವರು ಹುಡುಕದೆಯೇ, ಮನೆಯವರು ಕೊಟ್ಟದ್ದನ್ನು ಒಪ್ಪಿಕೊಂಡು ಬಾಗಿಲು ಹಾಕಿಕೊಂಡಿರುತ್ತಾರೆ.

ನಮ್ಮಲ್ಲಿ ಈ ಕೊನೆಯ ಗುಂಪು ದೊಡ್ಡದು ಎಂಬುದು ನನ್ನ ಅನಿಸಿಕೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಸೈನ್ಸೋ ಕಾಮರ್ಸೋ ಎಂದು ಹಿರಿಯರು ಮುಗಿಸಿಬಿಡುತ್ತಾರೆ. ಮಗು ಒಪ್ಪಿತು ಎನ್ನುತ್ತೇವೆ. 16 ವರ್ಷದ ಮಗುವಿಗೆ ಬೇರೆ ದಾರಿ ಎಲ್ಲಿತ್ತು? ಹಾಗಂತ ಮನೆಯವರ ಮಾತು ಕೇಳಿದ ಮಕ್ಕಳೆಲ್ಲ ದುಃಖದಲ್ಲಿರುತ್ತಾರೆ ಎಂದಲ್ಲ. ಕುಟುಂಬದ ಜೊತೆ ಗಟ್ಟಿಯಾಗಿ ಬೆಸೆದುಕೊಂಡ ಸಮಾಜಗಳಲ್ಲಿ ಅದೇ ಒಂದು ಭದ್ರತೆಯೂ ಆಗಬಹುದು. ಮಗಳು ಪ್ರಶ್ನೆ ಕೇಳುತ್ತಿದ್ದರೆ ಕೂತು ಮಾತಾಡಿ. ವಾದದಲ್ಲಿ ನೀವು ಸೋತರೂ ಪರವಾಗಿಲ್ಲ.

ಹುಡುಗಿಯರಿಗೆ ತೊಂದರೆ ಜಾಸ್ತಿಯೇ?

ಖಿನ್ನತೆಯ ಮಟ್ಟಿಗೆ ಹೌದು. ಚಿಕ್ಕ ವಯಸ್ಸಿನಲ್ಲಿ ಹುಡುಗ ಹುಡುಗಿಯರಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮೈನೆರೆದ ಮೇಲೆ ಹುಡುಗಿಯರಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಹಾರ್ಮೋನು ಒಂದು ಕಾರಣ ಇರಬಹುದು, ಅದೊಂದೇ ಅಲ್ಲ. ಅದೇ ವಯಸ್ಸಿಗೆ ಅವಳ ಆಟ ನಿಲ್ಲುತ್ತದೆ, ಓಡಾಟ ನಿಲ್ಲುತ್ತದೆ, ಮನೆಗೆಲಸ ಜಾಸ್ತಿಯಾಗುತ್ತದೆ, ಮದುವೆಯ ಮಾತು ಶುರುವಾಗುತ್ತದೆ.

ಉತ್ತರ ಕರ್ನಾಟಕದ ‘ಸಮತಾ’ ಎಂಬ ಕಾರ್ಯಕ್ರಮದ ಬಗ್ಗೆ ಹೇಳಬೇಕು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2014ರಿಂದ 2017ರವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಇದನ್ನು ನಡೆಸಿತು. 80 ಹಳ್ಳಿಗಳು ಅಧ್ಯಯನದಲ್ಲಿದ್ದವು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸಬೇಕು, ಅವರ ಮದುವೆ ಮುಂದೆ ಹೋಗಬೇಕು ಎನ್ನುವುದು ಗುರಿ. ಕೊನೆಗೆ ನೋಡಿದರೆ ಕಾರ್ಯಕ್ರಮ ನಡೆದ ಹಳ್ಳಿಗಳಲ್ಲೂ ನಡೆಯದ ಹಳ್ಳಿಗಳಲ್ಲೂ ಶಾಲೆ ಮುಗಿಸುವವರು ಹೆಚ್ಚಾಗಿದ್ದರು, ಬಾಲ್ಯವಿವಾಹ ಇಳಿದಿತ್ತು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಕಾರ್ಯಕ್ರಮ ನಡೆಸಿದವರಿಗೆ ನಿರಾಸೆ ಆಗಿರಬಹುದು. ಆದರೆ ಆ ಸೀಮೆಯ ಹಳ್ಳಿಗಳು ತಾವಾಗಿಯೇ ಬದಲಾಗುತ್ತಿವೆ ಎನ್ನುವುದು ನನಗೆ ಸಂತೋಷದ ಸುದ್ದಿ. ಇದೇ ಹುಡುಗಿಯರ ಮನಸ್ಸಿನ ಸ್ಥಿತಿಯನ್ನೂ ಸಂಶೋಧಕರು ಕೇಳಿ ದಾಖಲಿಸಿದರು. 13–14ನೇ ವಯಸ್ಸಿಗೇ ಕೆಲವರಲ್ಲಿ ಹತಾಶೆ, ತಮ್ಮನ್ನೇ ನೋಯಿಸಿಕೊಳ್ಳುವ ಯೋಚನೆ ಇತ್ತು. ಹಳ್ಳಿಯ ಹುಡುಗಿಯರಿಗೆ ‘ಟೆನ್ಷನ್’ ಇರುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಎಲ್ಲದಕ್ಕೂ ಮೊಬೈಲೇ ಕಾರಣ, ಅಲ್ವಾ?

ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ. ಸಂಶೋಧಕರಲ್ಲೇ ಇದರ ಬಗ್ಗೆ ಜೋರು ಜಗಳ ಇದೆ. ಎಮಿ ಆರ್ಬೆನ್ ಮತ್ತು ಆಂಡ್ರೂ ಶಿಬಿಲ್‌ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ನೋಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4 ಎಂದು ಅವರಿಗೆ ಕಂಡಿತು. ಸ್ಮಾರ್ಟ್‌ಫೋನ್ ಬಂದ ಮೇಲೆಯೇ ಹುಡುಗಿಯರ ಖಿನ್ನತೆ ಏರಿತು ಎಂದು ವಾದಿಸುವವರೂ ಇದ್ದಾರೆ. 2022ರಲ್ಲಿ ಬ್ರಿಟನ್ನಿನಿಂದ ಬಂದ ಮತ್ತೊಂದು ಅಧ್ಯಯನ ವಯಸ್ಸಿನ ಕಡೆ ಗಮನ ಸೆಳೆಯಿತು. ಹುಡುಗಿಯರಿಗೆ 11–13, ಹುಡುಗರಿಗೆ 14–15, ಮತ್ತೆ ಇಬ್ಬರಿಗೂ 19ರ ಹೊತ್ತಿಗೆ ಸಾಮಾಜಿಕ ಜಾಲತಾಣಗಳು ಜಾಸ್ತಿ ತಟ್ಟುತ್ತವೆ ಎಂದಿತು.

ಗಂಟೆ ಲೆಕ್ಕ ಹಾಕುವುದಕ್ಕಿಂತ ಮೊಬೈಲು ಏನನ್ನು ಕಸಿದುಕೊಂಡಿದೆ ಎಂದು ನೋಡಿ. ನಿದ್ದೆಯನ್ನೇ? ಆಟವನ್ನೇ? ಗೆಳೆಯರನ್ನೇ? ಯಾವುದನ್ನೂ ಕಸಿದುಕೊಂಡಿಲ್ಲ ಅಂದರೆ ಸುಮ್ನೆ ಜಗಳ ಬೇಡ. ಅದರಲ್ಲೇ ಯಾರೋ ಹೀಯಾಳಿಸುತ್ತಿದ್ದಾರೆಯೇ, ಹೆದರಿಸುತ್ತಿದ್ದಾರೆಯೇ ಎಂದು ಮಾತ್ರ ಕೇಳುತ್ತಿರಿ. ಗೇಮ್ ಬಿಡಲು ಆಗುತ್ತಲೇ ಇಲ್ಲ, ಶಾಲೆ ನಿಂತೇ ಹೋಗಿದೆ ಎನ್ನುವ ಹಂತಕ್ಕೆ ಬಂದಿದ್ದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ.

ರಾತ್ರಿ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ. ಸೋಮಾರಿತನವೇ?

ಭಾಗಶಃ ದೇಹದ ಗಡಿಯಾರ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಏರುತ್ತದೆ. ಬೇಕಾಗುವುದು 8ರಿಂದ 10 ಗಂಟೆ ನಿದ್ದೆ. ಬೆಳಗಿನ ಐದಕ್ಕೇ ಟ್ಯೂಷನ್ ಇಟ್ಟರೆ ಅದು ಸಿಗುವುದಿಲ್ಲ. ನಿದ್ದೆ ಕದ್ದು ಓದಿಸುವ ಪದ್ಧತಿಯನ್ನು ನಾನಂತೂ ಒಪ್ಪುವುದಿಲ್ಲ.

ಪರೀಕ್ಷೆಯಲ್ಲಿ ಫೇಲಾದರೆ ಏನು ಮಾಡಿಕೊಳ್ಳುತ್ತಾಳೋ ಎಂದು ಭಯ.

ಭಯಕ್ಕೆ ಕಾರಣ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಆದರೆ ಪರೀಕ್ಷೆ ಒಂದನ್ನೇ ದೂರಬೇಡಿ. ಅದೇ ದಾಖಲೆಗಳಲ್ಲಿ 18 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣವಾಗಿ ಬರುವುದು ಕುಟುಂಬದ ಸಮಸ್ಯೆ. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ. ಮೊದಲೇ ಇದ್ದ ಖಿನ್ನತೆ, ಮನೆಯ ಜಗಳ, ಅವಮಾನ, ಒಂಟಿತನ ಎಲ್ಲ ಸೇರಿರುತ್ತವೆ. ಫಲಿತಾಂಶ ಕೊನೆಗೆ ಬಂದ ಪೆಟ್ಟಾಗಿರುತ್ತದೆ.

ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಬರುವ ಮೊದಲೇ, ‘ಏನೇ ಬಂದರೂ ಸಂಜೆ ಒಟ್ಟಿಗೆ ಊಟ ಮಾಡೋಣ, ನಾಳೆ ಮುಂದಿನದನ್ನು ಯೋಚಿಸೋಣ’ ಎಂದು ಬಾಯಿಬಿಟ್ಟು ಹೇಳಿ. ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇದೆ ಎನ್ನುವುದನ್ನೂ ತಿಳಿಸಿ. ನೆಂಟರಿಗೆ ಫೋನ್ ಮಾಡಿ ಅಂಕ ಹೇಳುವ ಕೆಲಸ ಆಮೇಲೆ ಆಗಲಿ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನಾವೇ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಇದನ್ನೇ ಪರೀಕ್ಷಿಸಲು ನ್ಯೂಯಾರ್ಕ್ ರಾಜ್ಯದ ಆರು ಶಾಲೆಗಳ 2,342 ವಿದ್ಯಾರ್ಥಿಗಳ ಜೊತೆ ಒಂದು ಪ್ರಯೋಗ ನಡೆಯಿತು. 2005ರಲ್ಲಿ ಅದು ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಜಾಸ್ತಿಯಾಗಲಿಲ್ಲ. ಮೊದಲೇ ಖಿನ್ನತೆ ಇದ್ದವರಿಗೆ ಕೇಳಿದ್ದರಿಂದ ಹಗುರವಾದಂತೆ ಕಂಡಿತು.

‘ಬದುಕೇ ಬೇಡ ಅಂತ ಅನ್ನಿಸುತ್ತಾ?’ ಎಂದು ಮೆಲ್ಲಗೆ ಕೇಳಿ. ಹೌದು ಎಂದರೆ ಗಾಬರಿ ತೋರಿಸಬೇಡಿ, ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ಒಂಟಿಯಾಗಿ ಬಿಡಬೇಡಿ. ಔಷಧ, ಕೀಟನಾಶಕದಂಥ ಅಪಾಯದ ವಸ್ತುಗಳನ್ನು ಬೀಗ ಹಾಕಿ ಇಡಿ, ಇಲ್ಲವೇ ಮನೆಯಿಂದಲೇ ಸಾಗಿಸಿ. ಅದೇ ದಿನ ವೈದ್ಯರನ್ನೋ 14416 ಅನ್ನೋ ಸಂಪರ್ಕಿಸಿ. ಪ್ರಾಣಕ್ಕೆ ಅಪಾಯ ಇದೆ ಎಂದರೆ 112ಕ್ಕೆ ಕರೆ ಮಾಡಿ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಆಸ್ಪತ್ರೆ ತಪ್ಪಿಸುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ.

ಶಾಲೆಯಲ್ಲಿ ಏನು ಮಾಡಿದರೆ ನಿಜವಾಗಿ ಪ್ರಯೋಜನ ಆಗುತ್ತದೆ?

ಒಳ್ಳೆಯ ಉತ್ತರ ಸಿಕ್ಕಿದ್ದು ಬಿಹಾರದ ನಾಲಂದಾ ಜಿಲ್ಲೆಯಲ್ಲಿ. ‘ಸೆಹರ್’ ಎಂಬ ಈ ಪ್ರಯೋಗ 74 ಸರ್ಕಾರಿ ಹೈಸ್ಕೂಲುಗಳಲ್ಲಿ ನಡೆಯಿತು, 2018ರಲ್ಲಿ ಪ್ರಕಟವಾಯಿತು. ಶಾಲೆಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ತರಬೇತಿ ಪಡೆದ ಸಮಾಲೋಚಕರು ಕಾರ್ಯಕ್ರಮ ನಡೆಸಿದರು. ಅವರು ಮನೋವೈದ್ಯರಲ್ಲ, ಸಾಮಾನ್ಯ ಓದು ಓದಿದವರು. ಇನ್ನೊಂದರಲ್ಲಿ ಅದನ್ನೇ ಆ ಶಾಲೆಯ ಶಿಕ್ಷಕರು ನಡೆಸಿದರು. ಮೂರನೆಯದರಲ್ಲಿ ಈ ಕಾರ್ಯಕ್ರಮ ಇರಲಿಲ್ಲ. ಮಾಡಿದ್ದೇನು? ಗೋಡೆಪತ್ರಿಕೆ, ಮಕ್ಕಳು ತಮ್ಮ ಕಷ್ಟ ಬರೆದು ಹಾಕುವ ಪೆಟ್ಟಿಗೆ, ಪ್ರಾರ್ಥನೆಯ ಹೊತ್ತಿನಲ್ಲಿ ಮಾತು, ಬೇಕಾದವರಿಗೆ ಒಬ್ಬೊಬ್ಬರಾಗಿ ಸಲಹೆ.

ಸಮಾಲೋಚಕರಿದ್ದ ಶಾಲೆಗಳ ವಾತಾವರಣ ಸುಧಾರಿಸಿತು. ಖಿನ್ನತೆ, ಪೀಡಿಸುವುದು, ಹೊಡೆದಾಟ ಎಲ್ಲ ಇಳಿಯಿತು. ಎರಡನೇ ವರ್ಷ ಪರಿಣಾಮ ಇನ್ನೂ ಹೆಚ್ಚಾಯಿತು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಮಾತ್ರ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ.

ಶಿಕ್ಷಕರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಪಾಠ, ಬಿಸಿಯೂಟ, ಗಣತಿ, ಚುನಾವಣೆ ಎಲ್ಲ ಅವರ ತಲೆಯ ಮೇಲಿದೆ. ಜೊತೆಗೆ, ಅಂಕ ಕೊಡುವವರ ಹತ್ತಿರ ಮಗು ಮನಸ್ಸು ಬಿಚ್ಚುವುದು ಕಷ್ಟ ಎಂದು ನಾನು ಓದಿಕೊಳ್ಳುತ್ತೇನೆ. ಅಂಕಕ್ಕೂ ಶಿಸ್ತಿಗೂ ಸಂಬಂಧವಿಲ್ಲದ ಒಬ್ಬ ಹಿರಿಯರು ಶಾಲೆಯಲ್ಲಿ ಬೇಕು. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಶಾಲೆ ನಡೆಸುವವರಿಗೆ ಕೇಳಿಕೊಳ್ಳುತ್ತೇನೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಬೇಕು ಎಂದಿದೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಇದ್ದಾರೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಿ.

ಹಾಗಾದರೆ ಶಿಕ್ಷಕರಿಂದ ಏನೂ ಆಗದೇ? ಆಗುತ್ತದೆ. ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಪಾಠಗಳನ್ನು ದಕ್ಷಿಣ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೈಸ್ಕೂಲು ಶಿಕ್ಷಕರೇ ನಡೆಸಿದ್ದರು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳ ಜೊತೆ ಹೋಲಿಸಿದರು. ಆತ್ಮಗೌರವ, ಕಷ್ಟ ಎದುರಿಸುವ ರೀತಿ, ಶಿಕ್ಷಕರ ಜೊತೆಗಿನ ಹೊಂದಾಣಿಕೆ ಉತ್ತಮವಾಗಿತ್ತು. ಕಾಯಿಲೆಯ ಲಕ್ಷಣಗಳಲ್ಲಿ ವ್ಯತ್ಯಾಸ ಇರಲಿಲ್ಲ. ಅಂದರೆ ಎಲ್ಲ ಮಕ್ಕಳಿಗೂ ಬೇಕಾದ ಕೌಶಲ ಕಲಿಸಲು ಶಿಕ್ಷಕರು ಸಾಕು. ಈಗಾಗಲೇ ನರಳುತ್ತಿರುವ ಮಗುವಿಗೆ ಬೇರೆ ಕೈ ಬೇಕು.

ದೆಹಲಿಯ ಆರು ಸರ್ಕಾರಿ ಶಾಲೆಗಳಲ್ಲಿ ನಡೆದ ‘ಪ್ರೈಡ್’ ಪ್ರಯೋಗವೂ ಈ ಮಾತಿಗೆ ಬಲ ಕೊಡುತ್ತದೆ. ಸುಮಾರು 250 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಚಿತ್ರಕತೆಗಳಿದ್ದ ಪುಸ್ತಿಕೆ ಮಾತ್ರ ಕೊಟ್ಟರು. ಉಳಿದವರಿಗೆ ಪುಸ್ತಿಕೆಯ ಜೊತೆ ಸಮಾಲೋಚಕರು ಮೂರು ವಾರದಲ್ಲಿ ನಾಲ್ಕೈದು ಸಲ ಕೂತು, ಸಮಸ್ಯೆಯನ್ನು ಹೇಗೆ ಬಿಡಿಸಿ ನೋಡಬೇಕು ಎಂದು ಹೇಳಿಕೊಟ್ಟರು. ಮಕ್ಕಳೇ ಹೆಸರಿಸಿದ ಕಷ್ಟಗಳ ಭಾರ ಈ ಎರಡನೇ ಗುಂಪಿನಲ್ಲಿ ಜಾಸ್ತಿ ಇಳಿಯಿತು. ರೋಗಲಕ್ಷಣದ ಅಂಕದಲ್ಲಿ ಎರಡೂ ಗುಂಪಿನ ನಡುವೆ ಸ್ಪಷ್ಟ ಅಂತರ ಇರಲಿಲ್ಲ.

ಇಡೀ ತರಗತಿಗೆ ಧ್ಯಾನ ಮಾಡಿಸಿದರೆ ಸಾಕಲ್ಲವೇ?

ಬ್ರಿಟನ್ನಿನ 85 ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳೊಂದಿಗೆ ಇದನ್ನು ಪರೀಕ್ಷಿಸಿದರು. 2022ರಲ್ಲಿ ಬಂದ ಫಲಿತಾಂಶ: ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಆಗಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ. ಇಷ್ಟಪಟ್ಟು ಮಾಡುವ ಮಗುವಿಗೆ ಒಳ್ಳೆಯದೇ. ಕಡ್ಡಾಯ ಮಾಡಿ ಕೈತೊಳೆದುಕೊಳ್ಳುವುದು ಬೇಡ.

ಮಾತ್ರೆ ಕೊಟ್ಟರೆ ಜೀವನಪೂರ್ತಿ ತೆಗೆದುಕೊಳ್ಳಬೇಕಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಸೌಮ್ಯ ಖಿನ್ನತೆಗೆ ಮೊದಲು ಮಾತಿನ ಚಿಕಿತ್ಸೆಯನ್ನೇ ನೋಡುತ್ತಾರೆ. ಮಧ್ಯಮ, ತೀವ್ರ ಹಂತದಲ್ಲಿ ಮಾತ್ರೆಯೂ ಸೇರಬಹುದು. ಅಮೆರಿಕದಲ್ಲಿ 439 ಹದಿಹರೆಯದವರ ಜೊತೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ವಾರದ ಹೊತ್ತಿಗೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಪಡೆದವರಲ್ಲಿ ಶೇ 71 ಮಂದಿ ಸುಧಾರಿಸಿದ್ದರು. ಫ್ಲುಒಕ್ಸೆಟಿನ್ ಮಾತ್ರೆ ಮಾತ್ರ ಪಡೆದವರಲ್ಲಿ ಶೇ 61, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 43, ಔಷಧವೇ ಇಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ 35. ಒಂಬತ್ತು ತಿಂಗಳಾಗುವಷ್ಟರಲ್ಲಿ ಮೂರೂ ಚಿಕಿತ್ಸೆಗಳ ಅಂತರ ಬಹಳ ಕಡಿಮೆಯಾಗಿತ್ತು.

ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಿಗೆ ಚಡಪಡಿಕೆ, ಸಾಯುವ ಯೋಚನೆ ಬರಬಹುದು. ಹತ್ತಿರವೇ ಇದ್ದು ಗಮನಿಸಿ, ಬದಲಾವಣೆ ಕಂಡರೆ ತಕ್ಷಣ ವೈದ್ಯರಿಗೆ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ನಾವು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಬೆಂಗಳೂರಿಗೇ ಹೋಗಬೇಕೇ?

ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ ಇವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತದೆ. ಈ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಕೆಲಸ. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಯುವಜನರ ಜೊತೆ ಮಾತಾಡಲು ಜಿಲ್ಲೆಗಳಲ್ಲಿ ‘ಯುವ ಸ್ಪಂದನ’ ಕೇಂದ್ರಗಳಿವೆ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಮುಂಬೈಯಲ್ಲೋ ದೆಹಲಿಯಲ್ಲೋ ಇರುವ ಕನ್ನಡಿಗರೂ 14416ಕ್ಕೆ ಕರೆ ಮಾಡಿ ಕನ್ನಡ ಕೇಳಬಹುದು. ಮಗುವಿಗೆ ಅಲ್ಲಿನ ಭಾಷೆಯೇ ಸಲೀಸು ಎಂದರೆ ಅದನ್ನೇ ಆರಿಸಿಕೊಳ್ಳಲಿ.

ಶಾಲೆಗೆ ಬಂದ ಸಂಶೋಧಕರು ನನ್ನ ಮಗಳನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ನಿಯಮದಂತೆ ನಡೆಯುತ್ತಿದ್ದರೆ ಒಪ್ಪಿ ಎನ್ನುತ್ತೇನೆ. ನಮ್ಮ ಮಕ್ಕಳ ಬಗ್ಗೆ ನಾವು ತಿಳಿದುಕೊಂಡಿರುವುದೆಲ್ಲ ಹಿಂದೆ ಯಾರೋ ಒಪ್ಪಿದ್ದರಿಂದಲೇ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುವಾಯಿತು. ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅವರಿಗೆ ಹದಿಮೂರು ದಾಟಿದಾಗ, ಅಪರಿಚಿತರ ಎದುರು ಭಾಷಣ ಮಾಡಿಸಿ, ಬಾಯಿಲೆಕ್ಕ ಹಾಕಿಸಿ, ಎಂಜಲಿನಲ್ಲಿ ಒತ್ತಡದ ಹಾರ್ಮೋನು ಎಷ್ಟು ಏರುತ್ತದೆ ಎಂದು ನೋಡಿದರು. ಮುಂದೆ, ಮಕ್ಕಳ ಮತ್ತು ಯುವಜನರ ಮಿದುಳು, ಮನಸ್ಸಿನ ಬೆಳವಣಿಗೆಯನ್ನು ಗಮನಿಸುವ, ನಿಮ್ಹಾನ್ಸ್ ಮುಂದಾಳತ್ವದ ‘ಸಿವೇದ’ ಅಧ್ಯಯನದ ಏಳು ಕೇಂದ್ರಗಳಲ್ಲಿ ಮೈಸೂರೂ ಒಂದಾಯಿತು. 6ರಿಂದ 23 ವರ್ಷದ ಸುಮಾರು 9,000 ಮಂದಿ ಅದರಲ್ಲಿದ್ದಾರೆ.

ಸಹಿ ಹಾಕುವ ಮುಂಚೆ ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. ನೈತಿಕ ಸಮಿತಿಯ ಅನುಮತಿ ಇದೆಯೇ? ಹೆಸರು ಗುಟ್ಟಾಗಿ ಇರುತ್ತದೆಯೇ? ಪ್ರಶ್ನೆಗಳಿಗೆ ಉತ್ತರಿಸುವಾಗ ಮಗುವಿಗೆ ಅಪಾಯ ಇದೆ ಎಂದು ಕಂಡರೆ ಅವರು ಏನು ಮಾಡುತ್ತಾರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಪೋಷಕರ ಸಹಿ ಒಂದೇ ಸಾಲದು. 7ರಿಂದ 12 ವರ್ಷದ ಮಗು ಬಾಯಿಮಾತಿನಲ್ಲಿ, 12 ದಾಟಿದ ಮಗು ಬರವಣಿಗೆಯಲ್ಲಿ ಒಪ್ಪಬೇಕು. ನಡುವೆ ಬಿಡುವ ಹಕ್ಕೂ ಇದೆ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ನೀವು ಒಪ್ಪಿ ಮಗಳು ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ.